ಬೋರ್ ನೀರಿನ ಫ್ಲೋರೈಡ್ ಪ್ರಾಜೆಕ್ಟ್: ನೇರವಾಗಿ ಸ್ಯಾಂಪಲ್ ತರಲು ಹೋಗಬಹುದಾ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ): ಜಗಳೂರು ತಾಲ್ಲೂಕಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮೊದಲು ಲೈಬ್ರರಿ, ಆಮೇಲೆ ಹಳ್ಳಿ, ಕೊನೆಗೆ ಲ್ಯಾಬ್ ಅಂತ ಗೈಡ್ ಹೇಳಿದ್ದಾರೆ. ಹಳೇ ವರದಿ ಹುಡುಕಿದರೆ ಹೆಚ್ಚೇನೂ ಸಿಗುತ್ತಿಲ್ಲ. ಅದನ್ನು ಬಿಟ್ಟು ನೇರ ಸ್ಯಾಂಪಲ್ ತಂದರೆ ಆಗುತ್ತಾ?

ಉತ್ತರ (ನೀರು ಪರೀಕ್ಷೆಯ ಕೆಮಿಸ್ಟ್, ಚಿತ್ರದುರ್ಗ): ಸ್ವಲ್ಪ ತಡೆಯಿರಿ. ನೀವು 'ದಾವಣಗೆರೆ ಜಿಲ್ಲೆ' ಅಂತ ಹುಡುಕಿರಬೇಕು, ಅಲ್ವಾ? ಈ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೂ ಮುಂಚಿನ ಗೆಜೆಟಿಯರ್, ಜನಗಣತಿ ಪುಸ್ತಕ, ಅಂತರ್ಜಲ ವರದಿ ಎಲ್ಲದರಲ್ಲೂ ಜಗಳೂರು ಚಿತ್ರದುರ್ಗದ ಕೆಳಗೆ ಬರುತ್ತದೆ. ಚನ್ನಗಿರಿ, ಹೊನ್ನಾಳಿ ಬೇಕಾದರೆ ಶಿವಮೊಗ್ಗದಲ್ಲಿ ನೋಡಬೇಕು, ಹರಪನಹಳ್ಳಿಗೆ ಬಳ್ಳಾರಿಯಲ್ಲಿ. ಇನ್ನೂ ಹಳೇ ಇಂಗ್ಲಿಷ್ ದಾಖಲೆಗಳಲ್ಲಿ ಚಿತ್ರದುರ್ಗ ಅಂತಲೇ ಇರುವುದಿಲ್ಲ, 'ಚಿತಲ್‌ದ್ರೂಗ್' ಅಂತ ಇರುತ್ತದೆ. ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಸಿಗುವ ಶೋಧಗಂಗಾ ಜಾಲತಾಣದಲ್ಲೂ ಹೀಗೆ ಹೆಸರು ಬದಲಿಸಿ ಹುಡುಕಿ.

ಸಿಕ್ಕಿದ ವರದಿಯಿಂದ ಸುಮ್ನೆ ಅಂಕಿ ಮಾತ್ರ ಬರೆದುಕೊಂಡು ಬರಬೇಡಿ. ಯಾವ ತಿಂಗಳ ನೀರು, ಬೋರ್ ಎಷ್ಟು ಅಡಿ, ಯಾವ ವಿಧಾನದಲ್ಲಿ ಅಳೆದರು, ಇವೂ ಜೊತೆಗಿರಲಿ. ಇವಿಲ್ಲದೆ ಹಳೇ ಅಂಕಿಯನ್ನು ನಿಮ್ಮ ಅಂಕಿಯ ಪಕ್ಕ ಇಟ್ಟು ಏನನ್ನೂ ಹೇಳಲಾಗದು.

ಇನ್ನು ಹಳ್ಳಿಯ ಕೆಲಸ. ಪ್ರಾಜೆಕ್ಟ್ ಕೆಡುವುದು ಹೆಚ್ಚಾಗಿ ಇಲ್ಲೇ. ಮಿನಿ ಟ್ಯಾಂಕಿನ ನಲ್ಲಿಯಿಂದ ಹಿಡಿಯಬೇಡಿ, ಬೋರಿನ ಬಾಯಲ್ಲೇ ಹಿಡಿಯಿರಿ. ಮೋಟರ್ ಹಾಕಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ವಿದ್ಯುತ್ ವಾಹಕತೆಯ ಮೀಟರ್ ತೋರಿಸುವ ಅಂಕಿ ಏರಿಳಿಯದೆ ನಿಂತ ಮೇಲೆ ಬಾಟಲಿ ಹಿಡಿಯಿರಿ. ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಫ್ಲೋರೈಡಿಗೆ ಗಾಜು ಬೇಡ. ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ತುಂಬಿಸಿ. ನಂಬರ್ ಬರೆಯುವುದು ಬಾಟಲಿಯ ಮೈಮೇಲೆ. ಮುಚ್ಚಳದ ಮೇಲೆ ಬರೆದರೆ, ಮುಚ್ಚಳ ಅದಲು ಬದಲಾದಾಗ ಹಳ್ಳಿಯೇ ಅದಲು ಬದಲಾಗುತ್ತದೆ. ಪೇಪರ್ ಟೇಪ್ ಅಂಟಿಸಿ ಪೆನ್ಸಿಲ್‌ನಲ್ಲಿ ಬರೆಯಿರಿ. ಒದ್ದೆಯಾದರೂ ಅಳಿಸುವುದಿಲ್ಲ.

ಲ್ಯಾಬಿನಲ್ಲಿ ಎರಡು ದಾರಿ. ಎಸ್‌ಪಿಎಡಿಎನ್‌ಎಸ್ ಎಂಬ ಬಣ್ಣದ ವಸ್ತು ಬೆರೆಸುವ ವಿಧಾನದಲ್ಲಿ ಅದರ ಕೆಂಪು ಬಣ್ಣ ಫ್ಲೋರೈಡ್ ಹೆಚ್ಚಿದಷ್ಟೂ ಮಾಸುತ್ತದೆ. ಅದನ್ನು 570 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುತ್ತಾರೆ. ಲೀಟರಿಗೆ ಸುಮಾರು 1.4 ಮಿಲಿಗ್ರಾಂ ದಾಟಿದರೆ ಸ್ಯಾಂಪಲನ್ನು ತೆಳು ಮಾಡಿ ಮತ್ತೆ ಅಳೆಯಬೇಕು. ನಮ್ಮ ಕಡೆಯ ನೀರಿಗೆ ಇದು ಮುಖ್ಯ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಅಂದರೆ ನೀವು ತೀರ್ಮಾನ ಹೇಳಬೇಕಾದ ಜಾಗದಲ್ಲೇ ಈ ವಿಧಾನ ಕೈಕೊಡುತ್ತದೆ. ಎರಡನೇ ದಾರಿ ಫ್ಲೋರೈಡ್ ಎಲೆಕ್ಟ್ರೋಡ್, ಅಂದರೆ ನೀರಿಗೆ ಅದ್ದಿ ಫ್ಲೋರೈಡ್ ಅಳೆಯುವ ಉಪಕರಣ. ಅದು ಇದ್ದರೆ ಅದನ್ನೇ ಬಳಸಿ, ನನ್ನ ಆಯ್ಕೆ ಅದೇ. ಸ್ಯಾಂಪಲಿಗೂ ಸ್ಟ್ಯಾಂಡರ್ಡಿಗೂ (ಫ್ಲೋರೈಡ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ದ್ರಾವಣ) ಟಿಸ್ಯಾಬ್ ದ್ರಾವಣವನ್ನು ಸಮ ಅಳತೆಯಲ್ಲಿ ಹಾಕಿ. ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡ ಫ್ಲೋರೈಡನ್ನು ಅದು ಬಿಡಿಸುತ್ತದೆ, ಪಿಎಚ್ ಅನ್ನೂ ಒಂದೇ ಮಟ್ಟದಲ್ಲಿ ಇಡುತ್ತದೆ.

ಪ್ರಶ್ನೆ (ಶಿಕ್ಷಕರು, ಚಳ್ಳಕೆರೆ): ನಮ್ಮೂರ ಒಂದು ಬೋರಿನ ನೀರಲ್ಲಿ ಬೇಳೆ ಬೇಗ ಬೇಯುತ್ತೆ, ಹಾಗಾಗಿ ಅದೇ ಒಳ್ಳೇ ನೀರು ಅಂತಾರೆ. ಜನರ ಈ ಅನುಭವ ಸಂಶೋಧನೆಗೆ ಬರುತ್ತಾ?

ಉತ್ತರ: ಬರುತ್ತದೆ, ಖಂಡಿತ ಬರೆದುಕೊಳ್ಳಬೇಕು. ಆದರೆ ಅದು ಗಡಸುತನದ ಬಗ್ಗೆ ಹೇಳುವ ಮಾತು. ಬೇಳೆ ಬೇಗ ಬೇಯುತ್ತದೆ ಅಂದರೆ ನೀರು ಮೆದು, ಅದರಲ್ಲಿ ಕ್ಯಾಲ್ಸಿಯಂನಂಥ ಲವಣ ಕಡಿಮೆ. ಕ್ಯಾಲ್ಸಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಅದರ ಜೊತೆ ಸೇರಿ ತಳಕ್ಕಿಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದರೆ ನೀರಿನಲ್ಲೇ ಉಳಿಯುತ್ತದೆ. ಹಾಗಾಗಿ ಬೇಳೆ ಬೇಗ ಬೇಯುವ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವುದುಂಟು. ಫ್ಲೋರೈಡಿಗೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತದೆ. ದಯವಿಟ್ಟು ಆ ಬೋರಿನ ನೀರನ್ನು ಮೊದಲು ಪರೀಕ್ಷೆಗೆ ಕೊಡಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಫ್ಲೋರೈಡ್ ಹೆಚ್ಚಾದರೆ ಹಲ್ಲಿಗೂ ಮೂಳೆಗೂ ತೊಂದರೆ ಅಲ್ವಾ, ಸ್ಯಾಂಪಲ್ ತರುವಾಗ ಮನೆಯವರ ಹಲ್ಲು ನೋಡಿ, ಮೊಣಕಾಲು ನೋವಿದೆಯಾ ಅಂತಲೂ ಕೇಳಿ ಬರೆದುಕೊಂಡರೆ?

ಉತ್ತರ: 'ಮೊಣಕಾಲು ನೋವಿದೆಯಾ' ಅಂದರೆ ಹೊಲದಲ್ಲಿ ದುಡಿಯುವ ಯಾರೂ ಇಲ್ಲ ಅನ್ನುವುದಿಲ್ಲ. ಕುಡಿಯುವ ನೀರು ಎಲ್ಲಿಂದ ತರುತ್ತೀರಿ, ಎಷ್ಟು ವರ್ಷದಿಂದ, ಶುದ್ಧ ನೀರಿನ ಘಟಕ ಕೆಟ್ಟಾಗ ಏನು ಕುಡಿಯುತ್ತೀರಿ ಅಂತ ಕೇಳಿ. ಹಲ್ಲಿನ ಕಲೆ ಆಗುವುದು ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ, ಹೆಚ್ಚು ಕಡಿಮೆ ಎಂಟು ವರ್ಷದೊಳಗೆ. ಮದುವೆಯಾಗಿ ಬಂದ ಸೊಸೆಯ ಹಲ್ಲು ತವರೂರಿನ ನೀರನ್ನು ತೋರಿಸುತ್ತದೆ, ಈ ಊರಿನದನ್ನಲ್ಲ. ಅದಕ್ಕೇ ಬಾಲ್ಯ ಕಳೆದ ಊರು ಯಾವುದು ಅಂತ ನಿಮ್ಮ ಪ್ರಶ್ನಾವಳಿಯಲ್ಲಿ ಒಂದು ಕಾಲಂ ಸೇರಿಸಿ. ಮಕ್ಕಳ ಹಲ್ಲು ನೋಡಬೇಕಿದ್ದರೆ ತಂದೆ ತಾಯಿಯ ಲಿಖಿತ ಒಪ್ಪಿಗೆ, ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಎರಡೂ ಮೊದಲೇ ಬೇಕು. ನೋಡುವವರೂ ದಂತವೈದ್ಯರೇ ಆಗಿರಲಿ. ದಾವಣಗೆರೆಯಲ್ಲೇ ದಂತ ಕಾಲೇಜುಗಳಿವೆ. ಅಲ್ಲಿನ ಸಮುದಾಯ ದಂತ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ, ಡೀನ್ ಸೂಚ್ಯಂಕದಲ್ಲಿ ಕಲೆಯ ಮಟ್ಟ ಗುರುತಿಸುವುದನ್ನು ಅವರೇ ಮಾಡಿಕೊಡಲಿ.