2147483647 ಅವಿಭಾಜ್ಯ ಅಂತ ಗಣಿತಜ್ಞ ಆಯ್ಲರ್ ಹೇಗೆ ಪತ್ತೆ ಮಾಡಿದ?

ಸೊನ್ನೆಪ್ರಿಯ:
ನಾನು ಬರೆದ ಪ್ರೋಗ್ರಾಂನಲ್ಲಿ ಎಣಿಕೆ 2147483647 ಮುಟ್ಟಿದ ಮೇಲೆ ದಿಢೀರನೆ ಮೈನಸ್‌ಗೆ ಹೋಯಿತು. ತಪ್ಪು ನನ್ನದೇ, 32 ಬಿಟ್‌ನ ಇಂಟ್ (ಪೂರ್ಣಾಂಕ ಇಡುವ ಜಾಗ, ಅದರ ಮಿತಿಯೇ ಈ ಸಂಖ್ಯೆ) ಇಟ್ಟಿದ್ದೆ. ಅದನ್ನು ಸರಿಮಾಡಿದ್ದಾಯಿತು, ಆದರೆ ಸಂಖ್ಯೆ ಮಾತ್ರ ತಲೆಯಿಂದ ಇಳಿಯಲಿಲ್ಲ. ಸುಮ್ನೆ ಅಪವರ್ತನ ಹುಡುಕಲು ಕೂತರೆ ಒಂದೂ ಸಿಗಲಿಲ್ಲ. ಇದು 2^31 − 1, ಅವಿಭಾಜ್ಯ, 1772ರಲ್ಲೇ ಆಯ್ಲರ್ ಸಾಧಿಸಿದ್ದ ಅಂತ ಆಮೇಲೆ ಗೊತ್ತಾಯಿತು. ಇದರ ವರ್ಗಮೂಲ 46340ರ ಹತ್ತಿರ, ಭಾಜಕ ಇದ್ದರೆ ಅದರೊಳಗೆ ಒಂದಾದರೂ ಸಿಗಬೇಕು. ಅಲ್ಲಿವರೆಗಿನ ಅವಿಭಾಜ್ಯಗಳೇ ನಾಲ್ಕು ಸಾವಿರಕ್ಕೂ ಜಾಸ್ತಿ. ಆ ಹೊತ್ತಿಗೆ ಅವನಿಗೆ ಕಣ್ಣೂ ಹೆಚ್ಚುಕಡಿಮೆ ಹೋಗಿತ್ತು. ಅಷ್ಟು ಭಾಗಾಕಾರ ಹೇಗೆ ಮಾಡಿದ? ಇನ್ನೊಂದು, ಇಂಟ್‌ನ ಮಿತಿಯೇ ಅವಿಭಾಜ್ಯ ಆಗಿರೋದಕ್ಕೆ ಏನಾದರೂ ಕಾರಣ ಇದೆಯಾ?

ಮಗ್ಗಿಮನೆ:
ಎರಡನೆಯದಕ್ಕೆ ಉತ್ತರ: ಕಾಕತಾಳೀಯ. 16 ಬಿಟ್‌ನ ಮಿತಿ 32767, ಅದು 7ರಿಂದ ಭಾಗವಾಗುತ್ತದೆ. 64 ಬಿಟ್‌ನ 2^63 − 1 ಕೂಡ ಅಷ್ಟೇ. 2ರ ಘಾತದಿಂದ 1 ಕಳೆದ ಇಂಥ ಸಂಖ್ಯೆ ಅವಿಭಾಜ್ಯ ಆಗಬೇಕಾದರೆ ಘಾತ ಅವಿಭಾಜ್ಯ ಆಗಿರಲೇಬೇಕು, ಆದರೆ ಅದೊಂದೇ ಸಾಲದು. 2^11 − 1 = 2047 = 23 × 89.

ಶೇಷಒಂದು:
ಅವನು ಅಷ್ಟೆಲ್ಲ ಭಾಗಿಸಲೇ ಇಲ್ಲ, ಮಜಾ ಇರೋದೇ ಅಲ್ಲಿ. ‘ಪ’ ಅನ್ನುವ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೊಳ್ಳಿ. ಆಗ 2^31ನ್ನು ‘ಪ’ದಿಂದ ಭಾಗಿಸಿದರೆ ಶೇಷ 1. 31 ಅವಿಭಾಜ್ಯವಾದ್ದರಿಂದ ಅದಕ್ಕಿಂತ ಸಣ್ಣ ಘಾತಕ್ಕೆ ಶೇಷ 1 ಬರುವುದಿಲ್ಲ. ಗಣಿತಜ್ಞ ಫರ್ಮಾನ ನಿಯಮದಂತೆ 2ರ (ಪ − 1)ನೇ ಘಾತಕ್ಕೂ ಶೇಷ 1. ಎರಡೂ ಹೊಂದಬೇಕಾದರೆ ‘ಪ − 1’ 31ರ ಮಗ್ಗಿಯಲ್ಲಿ ಬರಲೇಬೇಕು. ‘ಪ’ ಬೆಸ, ‘ಪ − 1’ ಸಮ, ಹಾಗಾಗಿ 62ರ ಮಗ್ಗಿಯಲ್ಲೇ.

ಇನ್ನೊಂದು ಜರಡಿ ಇದೆ. 2^32ಕ್ಕೆ ಶೇಷ 2, ಅಂದರೆ 65536ರ ವರ್ಗಕ್ಕೆ ಶೇಷ 2. ವರ್ಗವೊಂದಕ್ಕೆ ಶೇಷ 2 ಬರಬೇಕಾದರೆ, ‘ಪ’ವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡೂ ಜರಡಿ ಹಿಡಿದರೆ 46340ರೊಳಗೆ ಉಳಿಯುವ ಅವಿಭಾಜ್ಯಗಳು ಬರೀ 84! ಬೇಜಾರಿನ ಕೆಲಸ ಹೌದು, ಆದರೆ ಕೈಯಲ್ಲಿ ಆಗುವಂಥದ್ದೇ.

ಸೊನ್ನೆಪ್ರಿಯ:
ನಂಬಿಕೆ ಬರಲಿಲ್ಲ, 2^29 − 1ರ ಮೇಲೆ ಪೆನ್ನು ಹಿಡಿದು ನೋಡಿದೆ. ಇಲ್ಲಿ 58ರ ಮಗ್ಗಿಗೆ ಒಂದು ಕೂಡಿಸಬೇಕು, ಅಲ್ವಾ? 59: 8ರಿಂದ ಭಾಗಿಸಿದರೆ 3 ಉಳಿಯಿತು, ಔಟ್. 117: 5 ಉಳಿಯಿತು, ಔಟ್. 175 ಅವಿಭಾಜ್ಯವೇ ಅಲ್ಲ. ಮುಂದಿನದು 233. ಮೊದಲ ಭಾಗಾಕಾರದಲ್ಲೇ ಶೇಷ ಸೊನ್ನೆ! 536870911 = 233 × 2304167. ಎರಡು ಸಲ ಗುಣಿಸಿ ನೋಡಿದೆ.

ಶೇಷಒಂದು:
ಹಾಗಾದರೆ ಇದನ್ನೂ ನೋಡಿ. 2ನ್ನು ನಿಮ್ಮ 2147483647ನೇ ಘಾತಕ್ಕೇ ಏರಿಸಿ, ಒಂದು ಕಳೆಯಿರಿ. 64 ಕೋಟಿಗೂ ಹೆಚ್ಚು ಅಂಕಿಗಳ ಸಂಖ್ಯೆ. ಅದು ಅವಿಭಾಜ್ಯ ಅಲ್ಲ, 295257526626031ರಿಂದ ಭಾಗವಾಗುತ್ತದೆ. ಈ ಭಾಜಕದಿಂದ 1 ಕಳೆದು 2147483647ರಿಂದ ಭಾಗಿಸಿ. ಸರಿಯಾಗಿ 137490 ಬರುತ್ತದೆ. ಈ ಸಲ ಇಂಟ್ ಇಡಬೇಡಿ.