ಟಿಬಿ ಟ್ರಯಾಜ್ ಟೆಸ್ಟ್ "ಶೇ. 92 ನಿಖರ" ಅಂತ ವರದಿಯಲ್ಲಿ ಬರೆಯಬಹುದಾ?

ಹಿಂಜವಡಿ_ಹುಡುಗಿ
ನಮಸ್ಕಾರ. ಪುಣೆಯಲ್ಲಿ ಕಟ್ಟಡ ಕೆಲಸಗಾರರ ಶೆಡ್‌ಗಳಲ್ಲಿ ಒಂದು ಟ್ರಸ್ಟ್ ಪರವಾಗಿ ಟಿಬಿ ಕ್ಯಾಂಪ್ ಮಾಡುತ್ತೇವೆ. ಜಾಸ್ತಿ ಜನ ನಮ್ಮ ಯಾದಗಿರಿ, ಕಲಬುರಗಿ ಕಡೆಯವರೇ. ಕೈಯಲ್ಲಿ ಹಿಡಿಯುವ ಮಶೀನಿನಲ್ಲಿ ಎದೆ ಎಕ್ಸ್‌ರೇ ತೆಗೆಯುತ್ತೇವೆ, ಕಂಪ್ಯೂಟರ್ ಅದಕ್ಕೊಂದು ಸ್ಕೋರ್ ಕೊಡುತ್ತದೆ. 50 ದಾಟಿದವರ ಕಫ ಮಾತ್ರ ಟ್ರೂನ್ಯಾಟ್‌ಗೆ (ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಟೆಸ್ಟ್) ಹೋಗುತ್ತದೆ. ಹೀಗೆ ಯಾರಿಗೆ ಮುಂದಿನ ಟೆಸ್ಟ್ ಬೇಕು ಅಂತ ಮೊದಲೇ ಸೋಸುವುದಕ್ಕೆ ಟ್ರಯಾಜ್ ಅನ್ನುತ್ತಾರೆ. ಉಳಿದವರಿಗೆ "ಏನೂ ಇಲ್ಲ, ಹೋಗಿ" ಅನ್ನುತ್ತೇವೆ. ಈಗ ಮೇಲಿನವರು ವರದಿಯಲ್ಲಿ "ಟೆಸ್ಟ್ ಶೇ. 92 ನಿಖರ" ಅಂತ ಹಾಕಿ ಅನ್ನುತ್ತಿದ್ದಾರೆ. ಅದು ಮಾರಿದವರು ಕೊಟ್ಟ ಹಾಳೆಯಲ್ಲಿರುವ ಅಂಕಿ. ನಮ್ಮದೇ ಡೇಟಾದಿಂದ ಲೆಕ್ಕ ಹಾಕೋಕೆ ಆಗಲ್ವಾ?

ಸಾಯನ್_ಲ್ಯಾಬ್
ಆಗಲ್ಲ. ಸ್ಕೋರ್ ಕಡಿಮೆ ಬಂದವರ ಕಫ ನೀವು ನೋಡೇ ಇಲ್ಲವಲ್ಲ. ಟೆಸ್ಟ್ ಎಷ್ಟು ಟಿಬಿ ಬಿಟ್ಟಿತು ಅನ್ನುವುದಕ್ಕೆ ಉತ್ತರ ಇರುವುದೇ ಅವರಲ್ಲಿ. ಸಿಕ್ಕವರನ್ನಷ್ಟೇ ಎಣಿಸಿದರೆ ಯಾವ ಟೆಸ್ಟ್ ಆದರೂ ನೂರಕ್ಕೆ ನೂರು ತೋರಿಸುತ್ತದೆ.

"ನಿಖರ" ಅನ್ನುವ ಒಂದೇ ಅಂಕಿಯನ್ನೂ ನಂಬಬೇಡಿ. ಸಾವಿರ ಜನರಲ್ಲಿ 50 ಜನಕ್ಕೆ ಟಿಬಿ ಇದೆ ಅಂದುಕೊಳ್ಳಿ. ಕಣ್ಣು ಮುಚ್ಚಿ ಎಲ್ಲರಿಗೂ "ಇಲ್ಲ" ಅಂದುಬಿಟ್ಟರೂ 950 ಉತ್ತರ ಸರಿ, ಅಂದರೆ ಶೇ. 95 ನಿಖರ! ರೋಗಿ ಒಬ್ಬನೂ ಸಿಕ್ಕಿರಲ್ಲ. ಅದಕ್ಕೇ ಸೆನ್ಸಿಟಿವಿಟಿ (ಟಿಬಿ ಇದ್ದವರಲ್ಲಿ ಶೇ. ಎಷ್ಟು ಜನರನ್ನು ಹಿಡಿಯಿತು), ಸ್ಪೆಸಿಫಿಸಿಟಿ (ಟಿಬಿ ಇಲ್ಲದವರಲ್ಲಿ ಶೇ. ಎಷ್ಟು ಜನರಿಗೆ ಸರಿಯಾಗಿ "ಇಲ್ಲ" ಅಂದಿತು) ಎರಡನ್ನೂ ಬೇರೆ ಬೇರೆ ಕೇಳಬೇಕು. ಟ್ರಯಾಜ್ ಟೆಸ್ಟಿಗೆ ಇವು ಕನಿಷ್ಠ ಶೇ. 90 ಮತ್ತು ಶೇ. 70 ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಗುರಿ ಇಟ್ಟಿತು. ಅದನ್ನೇ ಈ ಸಾವಿರ ಜನಕ್ಕೆ ಹಾಕಿ ನೋಡಿ. 50ರಲ್ಲಿ 45 ಜನ ಸಿಗುತ್ತಾರೆ, 5 ಜನ ಕೈತಪ್ಪುತ್ತಾರೆ, ಟಿಬಿ ಇಲ್ಲದ 285 ಜನ ಸುಮ್ನೆ ಕಫ ಕೊಡಬೇಕಾಗುತ್ತದೆ. ಆದರೂ ಸಾವಿರ ದುಬಾರಿ ಟೆಸ್ಟಿನ ಬದಲು 330ರಲ್ಲಿ ಕೆಲಸ ಮುಗಿಯಿತು, ಅಲ್ವಾ? ಟ್ರಯಾಜ್ ಇರುವುದೇ ಇದಕ್ಕೆ.

ವಾಸ್ಕೋ_ಬಸು
ಅಕ್ಕಾ, ಆ 92 ಎಲ್ಲಿ ಅಳೆದದ್ದು ಅಂತ ಮೊದಲು ಕೇಳಿ. ದೊಡ್ಡಾಸ್ಪತ್ರೆಗೆ ಕೆಮ್ಮಿ ಕೆಮ್ಮಿ ಸೊರಗಿ ಬಂದವರಲ್ಲಿ ಅಳೆದಿದ್ದರೆ ಅಲ್ಲಿ ರೋಗ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ. ನಿಮ್ಮ ಶೆಡ್ಡಿನಲ್ಲಿ ಸಿಗುವುದು ಇನ್ನೂ ಶುರುವಿನಲ್ಲಿರುವ ಟಿಬಿ. ಅಲ್ಲಿಯ ಅಂಕಿ ಇಲ್ಲಿಗೆ ಬರಲ್ಲ. ಹಳೇ ಟಿಬಿ ವಾಸಿಯಾದವರ ಎದೆಯಲ್ಲಿ ಕಲೆ ಉಳಿದಿರುತ್ತದೆ, ಕಂಪ್ಯೂಟರ್ ಅದಕ್ಕೂ ಸ್ಕೋರ್ ಏರಿಸುತ್ತದೆ. ಅವರನ್ನು ಬೇರೆಯಾಗಿ ಎಣಿಸಿ.

ಹಾಗಂತ ಎಕ್ಸ್‌ರೇ ಬಿಟ್ಟು ಬರೀ ಕೆಮ್ಮು ಕೇಳಬೇಡಿ. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎಕ್ಸ್‌ರೇ ಇಲ್ಲದಿದ್ದರೆ ಶೇ. 42.6ರಷ್ಟು ರೋಗಿಗಳು ತಪ್ಪಿಹೋಗುತ್ತಿದ್ದರು. ಗೋವಾದಲ್ಲೂ ನಮ್ಮ ಕಡೆಯ ಕೂಲಿಯವರು ಕೆಮ್ಮು ಇದ್ದರೂ ಇಲ್ಲ ಅನ್ನುತ್ತಾರೆ. ಪಗಾರ ಹೋಗುತ್ತದಲ್ಲ.

ಮತ್ತೆ ಕಫದ ಡಬ್ಬಿ ನೀವೇ ಓರೆ ಮಾಡಿ ನೋಡಿ. ನೊರೆ ನೊರೆಯಾಗಿ ನೀರಿನಂತೆ ಹರಿದರೆ ಅದು ಎಂಜಲು. ಮಂದವಾಗಿ, ಎಳೆ ಎಳೆಯಾಗಿ ಗೋಡೆಗೆ ಅಂಟಿದರೆ ಕಫ. ಎಂಜಲು ಕಳಿಸಿ ನೆಗೆಟಿವ್ ಬಂದರೆ ಎಕ್ಸ್‌ರೇ ತಪ್ಪು ಹೇಳಿತು ಅಂತ ಅದರ ತಲೆಗೆ ಕಟ್ಟುತ್ತೀರಿ.

ಹಿಂಜವಡಿ_ಹುಡುಗಿ
ಹಾಗಾದ್ರೆ ಎಲ್ಲರ ಕಫವನ್ನೂ ಕಲ್ಚರ್‌ಗೆ (ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಟೆಸ್ಟ್) ಕಳಿಸಬೇಕಾ? ಅಷ್ಟು ದುಡ್ಡಿಲ್ಲ.

ಸಾಯನ್_ಲ್ಯಾಬ್
ಬೇಡ. 50 ದಾಟಿದವರೆಲ್ಲರದ್ದು, ಜೊತೆಗೆ ಕಡಿಮೆ ಬಂದವರಲ್ಲಿ ಹತ್ತಕ್ಕೊಬ್ಬರದ್ದು ಕಳಿಸಿ. ಚೀಟಿ ಎತ್ತಿ ಆರಿಸಿ, "ಇವನು ಸ್ವಲ್ಪ ಬಡಕಲು" ಅಂತ ನೋಡಿ ಆರಿಸಬೇಡಿ. ಅವರಲ್ಲಿ ಒಂದು ಟಿಬಿ ಸಿಕ್ಕರೆ ಲೆಕ್ಕದಲ್ಲಿ ಅದು ಹತ್ತು. ಲ್ಯಾಬಿನವರಿಗೆ ಸ್ಕೋರ್ ಗೊತ್ತಾಗಬಾರದು. ದ್ರವ ಕಲ್ಚರ್‌ನಲ್ಲಿ ನೆಗೆಟಿವ್ ಅನ್ನೋಕೆ ಆರು ವಾರ ಕಾಯಬೇಕು, ಅವಸರ ಮಾಡಬೇಡಿ.

ಸಂಖ್ಯೆ ಚಿಕ್ಕದಿದ್ದರೆ ಹಿಗ್ಗಬೇಡಿ. ಎಲ್ಲರನ್ನೂ ಪರೀಕ್ಷಿಸಿ, 20 ರೋಗಿಗಳಲ್ಲಿ 18 ಸಿಕ್ಕರು ಅಂತಲೇ ಇಟ್ಟುಕೊಳ್ಳಿ. ಶೇ. 90 ಅನ್ನಿಸುತ್ತದೆ, ಆದರೆ ನಿಜವಾದದ್ದು 68ರಿಂದ 99ರ ಒಳಗೆ ಎಲ್ಲಾದರೂ ಇರಬಹುದು. ಅಲ್ಲಿಯವರೆಗೆ ಎಕ್ಸ್‌ರೇ ಎಷ್ಟು, 50 ದಾಟಿದ್ದು ಎಷ್ಟು, ಕಫ ಕೊಟ್ಟದ್ದು ಎಷ್ಟು, ಟಿಬಿ ಎಷ್ಟು ಅಂತ ಮಾತ್ರ ಬರೆಯಿರಿ. 92 ಬೇಡ. ಮತ್ತೆ ಆ "ಏನೂ ಇಲ್ಲ, ಹೋಗಿ" ನಿಲ್ಲಿಸಿ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ವಾಪಸ್ ಬನ್ನಿ ಅಂತ ಹೇಳಿ ಕಳಿಸಿ.

ಹಿಂಜವಡಿ_ಹುಡುಗಿ
ಸ್ಕೋರ್ ಜಾಸ್ತಿ ಬಂದೂ ಕಫ ಕೊಡದೆ ಊರಿಗೆ ಹೋದವರು ಇದ್ದಾರೆ. ಅವರು?

ಸಾಯನ್_ಲ್ಯಾಬ್
ಬೇರೆ ಸಾಲು. ನೆಗೆಟಿವ್‌ನಲ್ಲಿ ಸೇರಿಸಬೇಡಿ, ಫೋನ್ ನಂಬರ್ ಇದ್ದರೆ ಇವತ್ತೇ ಮಾಡಿ.