ಅಡಿಕೆ ತೋಟದ ಸೆನ್ಸರ್ ನೆಟ್‌ವರ್ಕಿಗೆ ಯಾವ ಸಿಮ್ಯುಲೇಟರ್?

ತುಂಗಾತೀರ:
ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೆ ವರ್ಷ ಓದ್ತಾ ಇದ್ದೇನೆ. ತೀರ್ಥಹಳ್ಳಿ ಹತ್ತಿರ ಮಾವನ ಅಡಿಕೆ ತೋಟ ಇದೆ, ನಾಲ್ಕು ಎಕರೆ. ಅಲ್ಲಿ 40 ಲೋರಾ (ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಡೇಟಾ ಕಳಿಸುವ ರೇಡಿಯೊ) ಸೆನ್ಸರ್ ಇಟ್ಟು ಗಾಳಿಯ ತೇವ ಅಳೆದು, ಕೊಳೆ ರೋಗಕ್ಕೆ ಔಷಧಿ ಯಾವಾಗ ಹೊಡೆಯಬೇಕು ಅಂತ ಹೇಳುವುದು ಪ್ರಾಜೆಕ್ಟ್. ದುಡ್ಡು ಹಾಕುವ ಮೊದಲು ಕಂಪ್ಯೂಟರಿನಲ್ಲೇ ಓಡಿಸಿ ನೋಡಬೇಕು. ಗೈಡ್ ಎನ್ಎಸ್-2 ಅಂತಾರೆ, ಸೀನಿಯರ್ ಒಬ್ಬ ಮಿನಿನೆಟ್ ಅಂತಾನೆ, ನಾನು ಎನ್ಎಸ್-3 ಹಾಕಿಕೊಂಡು ಮೂರು ದಿನ ಆಯಿತು, ಹಳೆ ವಿಡಿಯೊ ನೋಡಿ ಕೋಡ್ ಬಿಲ್ಡ್ ಮಾಡೋಕೆ ವಾಫ್ ಕಮಾಂಡ್ ಕೊಟ್ಟರೆ ಅಂಥ ಫೈಲೇ ಇಲ್ಲ ಅನ್ನುತ್ತೆ. ಓಮ್ನೆಟ್ ಪ್ಲಸ್ ಪ್ಲಸ್‌ಗೆ ಹೋಗಲಾ?

ಹಳೇಗಂಟು:
ವಾಫ್ ಹೋಗಿ ಕಾಲ ಆಯಿತು ಮಾರಾಯ್ರೆ. 2022ರಲ್ಲಿ ಬಂದ ಎನ್ಎಸ್-3.36ರಿಂದ ಅದರ ಜಾಗಕ್ಕೆ ಸಿಮೇಕ್. ವಿಡಿಯೊ ಬಿಡಿ, ಎನ್ಎಸ್-3ರವರದೇ ಟ್ಯುಟೋರಿಯಲ್ ನೋಡಿ.

ಮಿನಿನೆಟ್ ಈ ಕೆಲಸಕ್ಕೆ ಅಲ್ಲ. ಅದು ಒಂದೇ ಲಿನಕ್ಸ್ ಒಳಗೆ ಸಣ್ಣ ಸಣ್ಣ ಹೋಸ್ಟ್ ಮಾಡಿ ನಿಜವಾದ ಪ್ರೋಗ್ರಾಂ ಓಡಿಸುತ್ತೆ, ಗಡಿಯಾರವೂ ನಿಜದ್ದೇ. ಸ್ವಿಚ್, ಎಸ್‌ಡಿಎನ್ (ನೆಟ್‌ವರ್ಕನ್ನು ಸಾಫ್ಟ್‌ವೇರಿನಿಂದ ನಡೆಸುವ ವಿಧಾನ) ಕಲಿಯಲು ಬಹಳ ಚೆನ್ನಾಗಿದೆ. ಎನ್ಎಸ್-3, ಓಮ್ನೆಟ್ ಎರಡರಲ್ಲೂ ಗಡಿಯಾರ ಅದರದ್ದೇ: ಒಂದು ಪ್ಯಾಕೆಟ್ ಹೋಯಿತು, ಮುಂದಿನದು ಹದಿನೈದು ನಿಮಿಷಕ್ಕೆ ಅಂದರೆ ನಡುವೆ ಸುಮ್ನೆ ಕಾಯೋದಿಲ್ಲ, ನೇರ ಅಲ್ಲಿಗೇ ಹಾರುತ್ತೆ. ಇಡೀ ಮಳೆಗಾಲವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು.

ಎನ್ಎಸ್-3ಗೆ ಇಟಲಿಯ ಪಡುವಾ ವಿಶ್ವವಿದ್ಯಾಲಯದವರ ಲೋರಾವಾನ್ (ಲೋರಾ ನೆಟ್‌ವರ್ಕಿನ ಪ್ರೋಟೋಕಾಲ್) ಮಾಡ್ಯೂಲ್ ಇದೆ, ಓಮ್ನೆಟ್‌ಗೆ ಅಂಥದ್ದೇ ಫ್ಲೋರಾ ಇದೆ. ಸಿ ಪ್ಲಸ್ ಪ್ಲಸ್ ಬರುತ್ತೆ ಅಂದರೆ ಎನ್ಎಸ್-3 ಸಾಕು. ಪ್ಯಾಕೆಟ್ ಓಡಾಡುವುದನ್ನು ಕಣ್ಣಾರೆ ನೋಡಬೇಕು ಅಂದರೆ ಓಮ್ನೆಟ್ ಖುಷಿ ಕೊಡುತ್ತೆ. ಎನ್ಎಸ್-2 ಹಳೆ ಕಾಲದ್ದು, ಅದೇ ಯಾಕೆ ಅಂತ ಗೈಡ್ ಹತ್ತಿರ ಕೇಳೋಕೆ ಹೋಗಬೇಡಿ, ಪಾಪ.

ಸೋಗೆಅಟ್ಟಿ:
ಯಾವುದನ್ನೇ ಹಾಕಿ, ನಿಮ್ಮ ತಲೆನೋವು ಅದಲ್ಲ. ಸಿಗ್ನಲ್ ದೂರಕ್ಕೆ ಎಷ್ಟು ಕುಂದುತ್ತೆ ಅನ್ನುವ ಲೆಕ್ಕ ಇದೆಯಲ್ಲ, ಅದನ್ನು ನೀವೇ ಕೊಡಬೇಕು. ಎನ್ಎಸ್-3ರ ಆ ಮಾಡ್ಯೂಲಿನ ಉದಾಹರಣೆ ಕೋಡಿನಲ್ಲಿ ಘಾತಾಂಕ (ಸಿಗ್ನಲ್ ಎಷ್ಟು ಬೇಗ ಕುಂದುತ್ತೆ ಅನ್ನುವ ಅಂಕಿ) 3.76 ಅಂತ ಬರೆದಿರುತ್ತೆ, ಎಲ್ಲರೂ ಹಾಗೇ ಬಿಡ್ತಾರೆ. ಅದಕ್ಕೆ ನಿಮ್ಮ ಮಾವನ ತೋಟ ಗೊತ್ತಾ? ಎರಡು ಗುಡ್ಡದ ನಡುವೆ ತೋಟ, ಮೇಲೆ ಒದ್ದೆ ಸೋಗೆ. ಲೋರಾ ಓಡುವ 865 ಮೆಗಾಹರ್ಟ್ಸಿಗೆ ಮಳೆ ಹನಿ ಲೆಕ್ಕಕ್ಕೇ ಇಲ್ಲ, ಒದ್ದೆ ಎಲೆಯೇ ಜಾಸ್ತಿ ತಿನ್ನೋದು.

ಎರಡು ಲೋರಾ ಬೋರ್ಡ್ ತಗೊಳ್ಳಿ. 10, 20, 40, 80 ಮೀಟರಿನಲ್ಲಿ ನಿಂತು ಆರ್‌ಎಸ್‌ಎಸ್‌ಐ (ಸಿಕ್ಕ ಸಿಗ್ನಲಿನ ಬಲ) ಬರೆದುಕೊಳ್ಳಿ. ದೂರದ ಲಾಗ್ (ಬೇಸ್ 10) ಎದುರು ಗ್ರಾಫ್ ಹಾಕಿದರೆ ಗೆರೆ ಎಷ್ಟು ಇಳಿಯುತ್ತೋ ಅದನ್ನು ಹತ್ತರಿಂದ ಭಾಗಿಸಿ. ನಿಮ್ಮ ತೋಟದ ಘಾತಾಂಕ ಅದು. ಬೇಸಿಗೆಯಲ್ಲಿ ಅಳೆದು ಆಷಾಢಕ್ಕೆ ಹಾಕಬೇಡಿ.

ಇನ್ನೊಂದು. ಸಿಗ್ನಲ್ ಸಿಗಲಿಲ್ಲ ಅಂತ ಎಲ್ಲಾ ಸೆನ್ಸರನ್ನೂ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್, ಏರಿಸಿದಷ್ಟೂ ದೂರ ಹೋಗುತ್ತೆ, ಆದರೆ ನಿಧಾನ) 12ಕ್ಕೆ ಏರಿಸಬೇಡಿ. 20 ಬೈಟ್ ಕಳಿಸೋಕೆ ಎಸ್‌ಎಫ್ 7ರಲ್ಲಿ ಸುಮಾರು 57 ಮಿಲಿಸೆಕೆಂಡ್, 12ರಲ್ಲಿ 1.3 ಸೆಕೆಂಡ್. ಅಷ್ಟು ಹೊತ್ತು ಒಬ್ಬನೇ ಮಾತಾಡಿದರೆ ಉಳಿದವರ ಪ್ಯಾಕೆಟ್ ಬಂದು ಡಿಕ್ಕಿ ಹೊಡೆಯುತ್ತೆ.

ತುಂಗಾತೀರ:
ಓಡಿತು! 40ರಲ್ಲಿ 39 ಸೆನ್ಸರಿನ ಡೇಟಾ ಬರ್ತಿದೆ. ಹತ್ತು ಸಲ ಓಡಿಸಿದೆ, ಹತ್ತೂ ಸಲ ಅದೇ 39. ಅಂದರೆ ಗಟ್ಟಿ ರಿಸಲ್ಟ್ ಅಲ್ವಾ?

ಹಳೇಗಂಟು:
ಅಲ್ಲ :) ಒಂದೇ ಸಲ ಓಡಿಸಿದಂತೆ ಅದು. ಎನ್ಎಸ್-3 ಪ್ರತಿ ಸಲವೂ ಅದೇ ಸೀಡ್ (ರ‍್ಯಾಂಡಮ್ ಸಂಖ್ಯೆಗಳು ಶುರುವಾಗುವ ಅಂಕಿ), ಅದೇ ರನ್ ನಂಬರಿನಿಂದ ಶುರುವಾಗುತ್ತೆ, ಬೇಕಂತಲೇ ಹಾಗೆ ಮಾಡಿದ್ದಾರೆ, ಇನ್ನೊಬ್ಬರೂ ಓಡಿಸಿ ಅದೇ ಉತ್ತರ ನೋಡಲಿ ಅಂತ. ಸೀಡ್ ಹಾಗೇ ಇರಲಿ, ಆರ್‌ಎನ್‌ಜಿ ರನ್ ಸಂಖ್ಯೆ ಮಾತ್ರ 1, 2, 3 ಅಂತ ಬದಲಿಸಿ 30 ಸಲ ಓಡಿಸಿ, ಸರಾಸರಿ ಹಾಕಿ.

ತುಂಗಾತೀರ:
ಅಯ್ಯೋ, ಗೈಡ್‌ಗೆ ಆಗಲೇ ಕಳಿಸಿಬಿಟ್ಟೆ. ಸರಿ, ಶನಿವಾರ ತೋಟಕ್ಕೆ ಹೋಗಿ ಅಳೆದುಕೊಂಡು ಬರ್ತೇನೆ.

ಸೋಗೆಅಟ್ಟಿ:
ಹೋಗುವಾಗ ಕಾಲಿಗೆ ಸುಣ್ಣ ಹಚ್ಚಿಕೊಳ್ಳಿ, 80 ಮೀಟರ್ ಹೋಗುವಷ್ಟರಲ್ಲಿ ಉಂಬಳ (ಜಿಗಣೆ) ಮಂಡಿಗೆ ಬಂದಿರುತ್ತೆ.